ಕರ್ಣನು ಧರ್ಮಿಷ್ಠನೋ, ಅಧರ್ಮಿಯೋ?

ಮಹಾಭಾರತ ಪ್ರವಚನವು ಉದ್ಯೋಗಪರ್ವವನ್ನು ಮುಟ್ಟಿತೆಂದರೆ ಶ್ರೋತೃಗಳಲ್ಲಿ ಈ ಪ್ರಶ್ನೆ ಏಳದೆ ಇರುವುದಿಲ್ಲ. ಪಂಪ, ಕುಮಾರವ್ಯಾಸರನ್ನು ಓದಿ ಬೆಳೆದ ನಮಗೆ ಕರ್ಣನಲ್ಲಿ ಸಹಜವಾದ ಮಮತೆಯುಂಟು. ಕೆಲವರಂತೂ, ಅವನು ಅನ್ನದ ಋಣಕ್ಕೆ ಕಟ್ಟುಬಿದ್ದವನು, ಧರ್ಮಾಧರ್ಮಗಳ ತಕ್ಕಡಿಯಲ್ಲಿ ಅವನನ್ನು ತೂಗಲೇಬಾರದು ಎನ್ನುವರು. ಈ ಪಕ್ಷವನ್ನೇ ನಾವು ಮೊದಲು ವಿಚಾರಿಸೋಣ.

ಧರ್ಮಾಧರ್ಮಗಳ ಹೊರಗೆ ನಿಲ್ಲುವವರು ಯಾರು? ಪಶುಗಳು, ಹಸುಳೆಗಳು, ಬುದ್ಧಿಭ್ರಮಣೆಯಾದವರು. ಮಾಡತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬ ಅರಿವು ಅವರಿಗಿಲ್ಲ. ಕರ್ಣನು ಅಂಥವನಲ್ಲವೆಂಬುದಕ್ಕೆ ಅವನ ಮಾತೇ ಪ್ರಮಾಣ. ದ್ಯೂತಸಭೆಯಲ್ಲಿ ವಿಕರ್ಣನು ದ್ರೌಪದಿಯ ಪರವಾಗಿ ನ್ಯಾಯವನ್ನಾಡಿದಾಗ ಅವನನ್ನು ಹಳಿದವನು, ಆ ಸಾಧ್ವಿಯನ್ನು ಹೀನಪದದಿಂದ ನಿಂದಿಸಿದವನು, ಆಕೆಯ ಹಾಗೂ ಪಾಂಡವರ ವಸ್ತ್ರಗಳನ್ನು ಸೆಳೆಯೆಂದು ದುಃಶಾಸನನಿಗೆ ಹೇಳಿದವನು ಕರ್ಣನೇ. (ಈ ಭಾಗವನ್ನು ಕರ್ಣಾಭಿಮಾನಿಗಳು ಬಹು ಬೇಗ ದಾಟಿಬಿಡುತ್ತಾರೆ!) 13 ವರ್ಷಗಳ ಅನಂತರ, ಸಂಧಿಗಾಗಿ ಬಂದ ಶ್ರೀಕೃಷ್ಣನು ಹಿಂದಿರುಗುವಾಗ ಅವನನ್ನು ರಥದಲ್ಲಿ ಕುಳ್ಳಿರಿಸಿಕೊಂಡು ಜನ್ಮವೃತ್ತಾಂತವನ್ನೆತ್ತಿದನಷ್ಟೆ. ಆಗ, ದುರ್ಯೋಧನನ ಪ್ರೀತಿಗಾಗಿ ಪಾಂಡವರಿಗೆ ತಾನಾಡಿದ ಕಟುನುಡಿಗಳನ್ನು ನೆನೆದು ಈಗ ಪರಿತಪಿಸುತ್ತಿರುವೆನೆಂದು ಕರ್ಣನೇ ಒಪ್ಪಿಕೊಂಡನು. ಅರಿವಿಲ್ಲದವನಿಗೆ ಪರಿತಾಪವು ಬರುವುದೆಂತು? ಪರಿತಪಿಸಿಯೂ ಅವನು ದುರ್ಯೋಧನನ ಪಕ್ಷವನ್ನು ಬಿಡಲಿಲ್ಲ. ಇಲ್ಲಿಯೇ ತೊಡಕಿರುವುದು.

ಹಾಗೆಂದು ಅವನನ್ನು ಕೇವಲ ಅಧರ್ಮಿಯೆನ್ನುವುದೂ ಸಲ್ಲದು. ಕುಂತಿಗೆ ಕೊಟ್ಟ ಭಾಷೆಯಂತೆ ಯುಧಿಷ್ಠಿರ, ನಕುಲ, ಸಹದೇವರನ್ನು ಯುದ್ಧದಲ್ಲಿ ಕೊಲ್ಲದೆ ಬಿಟ್ಟನು. ಈ ಎರಡು ಬಗೆಯ ನಡತೆಗೆ ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಕಾರಣವನ್ನು ತೋರಿದ್ದಾರೆ: ಕರ್ಣನು ಸೂರ್ಯನ ಅವತಾರ, ಆದರೆ ಸಹಸ್ರವರ್ಮನೆಂಬ ಅಸುರನ ಆವೇಶವುಳ್ಳವನು.

ಆವೇಶವೇ ಕಾರಣವಾದರೆ ದೋಷವು ಅವನಿಗೆ ಹೇಗೆ ತಟ್ಟೀತು ಎಂದು ಕೇಳಬಹುದು. ಜೀವನ ಕರ್ತೃತ್ವವು ಭಗವಂತನ ಅಧೀನವಾದರೂ ಸತ್ಯವೇ ಎಂಬುದು ನಮ್ಮ ಸಿದ್ಧಾಂತ. ಅದು ಸುಳ್ಳಾದರೆ ಶಾಸ್ತ್ರದ ವಿಧಿನಿಷೇಧಗಳೆಲ್ಲ ವ್ಯರ್ಥವಾದಾವು. ಮೇಲಾಗಿ, ಪಾಂಡವರಲ್ಲಿ ಹಿರಿಯನಾಗಿ ರಾಜ್ಯವಾಳಲು ಬಾ ಎಂದು ಸಾಕ್ಷಾತ್ ಭಗವಂತನೇ ಕರೆದಾಗ, ತಿಳಿದು ತಿಳಿದೇ ಒಲ್ಲೆನೆಂದವನು ಕರ್ಣ.

ಕೊನೆಗೆ ರಣರಂಗದಲ್ಲಿ ರಥಚಕ್ರವು ಭೂಮಿಯಲ್ಲಿ ಹುದುಗಿದಾಗ ಅವನು ಅರ್ಜುನನಿಗೆ ಧರ್ಮವನ್ನು ನೆನಪಿಸಿದನು. ದ್ರೌಪದಿಯನ್ನು ಸಭೆಗೆಳೆದಂದು, ಬಾಲಕ ಅಭಿಮನ್ಯುವನ್ನು ಹಲವರು ಕೂಡಿ ಕೊಂದಂದು ನಿನ್ನ ಧರ್ಮವೆಲ್ಲಿ ಹೋಗಿತ್ತೆಂದು ಶ್ರೀಕೃಷ್ಣನು ಕೇಳಿದನು. ಕರ್ಣನು ನಾಚಿ ತಲೆತಗ್ಗಿಸಿದನು, ಉತ್ತರ ಕೊಡಲಿಲ್ಲ.