ಟ್ರ್ಯಾಕ್ಟರಿನ ಉಸಿರು ಕಟ್ಟಿದಾಗ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ. ಇದು ಕೃಷ್ಣಾ ದಂಡೆಯ ಕಬ್ಬಿನ ಸೀಮೆ. ಕಬ್ಬಿನ ಹಂಗಾಮು ಸುರುವಾದರೆ ನಮ್ಮ ಹಳೇ ಟ್ರ್ಯಾಕ್ಟರಿಗೆ ಬಿಡುವಿಲ್ಲ. ಎರಡೆರಡು ಟ್ರೇಲಿ ಎಳೆಯಬೇಕು. ಉಗಾರ ಖುರ್ದದಂಥ ಊರಿನ ಕಾರಖಾನೆ ಮುಂದೆ ತಾಸುಗಟ್ಟಲೆ ಪಾಳಿಯಲ್ಲಿ ನಿಲ್ಲಬೇಕು. ಇಂಥ ಹೊತ್ತಿನಲ್ಲೇ ಎಂಜಿನ್ ಆಯಿಲ್ ಸೋರತೊಡಗುತ್ತದೆ.

"ಮಿಸ್ತ್ರಿ, ಹೋದ ತಿಂಗಳಷ್ಟ ಸೀಲ್ ಹಾಕ್ಸೀನಿ. ಮತ್ತ ಸೋರಾಕತ್ತೈತಲ್ರೀ?"

"ಸೀಲ್ ಆಮ್ಯಾಲ ನೋಡೂಣ್ರೀ ಯಜಮಾನ್ರ. ಮೊದಲ ಬ್ರೀದರ್ ಬಿಚ್ಚಿ ನೋಡೀರೇನು?"

ಹಿಂದಿನ ಸೀಲ್ ಹಾಕಬೇಕಾದರೆ ಗಾಡಿಯನ್ನು ನಡುವಿಗೆ ಬಿಚ್ಚಬೇಕು. ರೊಕ್ಕವೂ ಹೋಗುತ್ತದೆ, ದಿನವೂ ಹೋಗುತ್ತದೆ. ಬ್ರೀದರ್ ತೊಳೆಯಲು ಒಂದು ಪಾನಾ, ಒಂದಿಷ್ಟು ಡೀಸೆಲ್ ಸಾಕು.

ಬ್ರೀದರ್ ಅಂದರೇನು? ಎಂಜಿನ್ ಒಳಗೆ ಡೀಸೆಲ್ ಉರಿಯುತ್ತದೆ. ಆ ಹೊಗೆಯಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗಿನ ಸಂದಿನಿಂದ ಕೆಳಗೆ, ಆಯಿಲ್ ಇರುವ ಚೇಂಬರಿಗೆ ಇಳಿಯುತ್ತದೆ. ಹೊಸ ಎಂಜಿನ್ನಿನಲ್ಲಿ ಕಡಿಮೆ, ಹಳೇದರಲ್ಲಿ ಜಾಸ್ತಿ. ಅದು ಹೊರಗೆ ಹೋಗಲು ಇಟ್ಟ ದಾರಿಯೇ ಬ್ರೀದರ್. ಕೆಲವು ಗಾಡಿಗಳಲ್ಲಿ ಟೇಪೆಟ್ ಕವರಿನಿಂದ ನೆಲದ ಕಡೆ ಒಂದು ಪೈಪು ಇಳಿದಿರುತ್ತದೆ. ಇನ್ನು ಕೆಲವದರಲ್ಲಿ ಆಯಿಲ್ ಹಾಕುವ ಮುಚ್ಚಳದಲ್ಲೇ ತಂತಿಯ ಜಾಳಿಗೆ ಇರುತ್ತದೆ.

ಅನ್ನದ ಗಡಿಗೆಗೆ ಮುಚ್ಚಳ ಬಿಗಿದರೆ ಗಂಜಿ ಅಂಚಿನಿಂದ ಉಕ್ಕುತ್ತದೆ, ಅಲ್ಲವೇ? ಇಲ್ಲೂ ಹಾಗೇ. ದಾರಿ ಕಟ್ಟಿದರೆ ಒಳಗಿನ ಒತ್ತಡ ಆಯಿಲನ್ನು ಸೀಲಿನಿಂದ, ಪ್ಯಾಕಿಂಗಿನಿಂದ ಹೊರಗೆ ದೂಡುತ್ತದೆ. ಅಳತೆ ಕಡ್ಡಿ ತಾನೇ ಮೇಲೆ ಏಳುತ್ತದೆ. ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿದರೆ ತುಂಬಿದ ಟ್ರೇಲಿ ಏರಿನಲ್ಲಿ ಜಗ್ಗುವುದಿಲ್ಲ. ಹೊಸ ಸೀಲ್ ಹಾಕಿದರೂ ಅದೇ ಪಾಡು.

ಯಾಕೆ ಕಟ್ಟುತ್ತದೆ? ಆಯಿಲಿನ ಆವಿಗೆ ಧೂಳು, ಮಸಿ ಸೇರಿ ಗಟ್ಟಿ ರಾಡಿಯಾಗುತ್ತದೆ. ಪಾಳಿಯಲ್ಲಿ ಎಂಜಿನ್ ಬಂದ್ ಮಾಡದೆ ನಿಲ್ಲಿಸಿದರೆ ಅದು ಸರಿಯಾಗಿ ಕಾಯುವುದಿಲ್ಲ. ಚಳಿಗಾಲದ ರಾತ್ರಿ ಒಳಗಿನ ಆವಿ ನೀರಾಗಿ ರಾಡಿಗೆ ಸೇರುತ್ತದೆ. ಇನ್ನೊಂದು ಕಾರಣ ನಗು ತರಿಸೀತು. ಮಳೆಗಾಲದಲ್ಲಿ ಗಾಡಿ ನಿಂತಲ್ಲೇ ನಿಂತರೆ ಕುಂಬಾರ ಹುಳ ಪೈಪಿನ ಬಾಯಿಗೆ ಮಣ್ಣಿನ ಗೂಡು ಕಟ್ಟಿಬಿಡುತ್ತದೆ!

ಪೈಪು ಇರುವ ಗಾಡಿಯಾದರೆ ಹೀಗೆ ನೋಡೋಣ. ಎಂಜಿನ್ ಚಾಲೂ ಮಾಡಿ, ನಿಧಾನಕ್ಕೆ ಬಿಟ್ಟು, ಪೈಪಿನ ಬಾಯಿ ಹತ್ತಿರ ಕೈ ಹಿಡಿಯಿರಿ. ಸಣ್ಣಗೆ ಗಾಳಿ ತಾಗಬೇಕು. ಏನೂ ತಾಗಲಿಲ್ಲವೇ? ಆಯಿಲ್ ಮುಚ್ಚಳ ಸಡಿಲಿಸಿದರೆ ಅಲ್ಲಿಂದ ಬುಸ್ ಅನ್ನುತ್ತದೆಯೇ? ಹಾಗಾದರೆ ದಾರಿ ಕಟ್ಟಿದೆ. ಮುಖ ದೂರ ಇರಲಿ, ಬಿಸಿ ಆಯಿಲ್ ಸಿಡಿಯುತ್ತದೆ. ಫ್ಯಾನಿಗೆ ಅಂಗಿ, ಧೋತರ ಸಿಗದಂತೆ ನೋಡಿಕೊಳ್ಳಿ.

ಈಗ ಎಂಜಿನ್ ಬಂದ್ ಮಾಡಿ, ಆರಲು ಬಿಡಿ. ಸುತ್ತಲಿನ ಧೂಳು ಒರೆಸಿದ ಮೇಲೆಯೇ ಪೈಪು, ಜಾಳಿಗೆ ಬಿಚ್ಚಿರಿ. ಪೈಪಿನಲ್ಲಿ ತಂತಿ ಆಡಿಸಿ ರಾಡಿ ತೆಗೆಯಿರಿ. ಆದರೆ ಎಂಜಿನ್ ಕಡೆಯ ತೂತಿಗೆ ತಂತಿ ಚುಚ್ಚಬೇಡಿ, ರಾಡಿ ಒಳಗೆ ಬೀಳುತ್ತದೆ. ಆ ತೂತಿಗೆ ಸ್ವಚ್ಛ ಅರಿವೆ ಮುಚ್ಚಿ, ಜೋಡಿಸುವಾಗ ನೆನಪಿನಿಂದ ತೆಗೆಯಿರಿ. ಜಾಳಿಗೆಯನ್ನು ಡೀಸೆಲ್ ಇಲ್ಲವೇ ಚಿಮಣಿ ಎಣ್ಣೆಯಲ್ಲಿ ನೆನೆಸಿ, ಬ್ರಶ್‌ನಿಂದ ತಿಕ್ಕಿರಿ. ಬೀಡಿ ದೂರ ಇರಲಿ, ನಿಪ್ಪಾಣಿ ತಂಬಾಕು ಎಷ್ಟೇ ಚಲೋ ಇದ್ದರೂ! ಪೂರಾ ಒಣಗಿದ ಮೇಲೆ ಜೋಡಿಸಿ. ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ತೊಳೆಯುವುದು ಬೇಸರವೆಂದು ಜಾಳಿಗೆ ಬಿಸಾಕುವವರೂ ಇದ್ದಾರೆ. ಅವರ ಎಂಜಿನ್ ಹೊಲದ ಧೂಳನ್ನೇ ತಿನ್ನುತ್ತದೆ.

ಆಯಿಲ್ ಮಟ್ಟ ನೋಡಿ ಚಾಲೂ ಮಾಡಿ. ಒಂದೆರಡು ದಿನ ಸೋರುವ ಜಾಗ ಒರೆಸಿ ಒರೆಸಿ ನೋಡಿರಿ. ಸೋರುವುದು ನಿಂತರೆ ಸೀಲ್ ಚೆನ್ನಾಗಿತ್ತು ಅಂತಲೇ ಅರ್ಥ. ತೊಳೆದ ಮೇಲೂ ಪೈಪಿನಿಂದ ಹೊಗೆ ರಭಸದಿಂದ ಬರುತ್ತಿದ್ದರೆ ರಿಂಗ್ ಸವೆದಿರಬಹುದು. ಅದು ಮನೆಯಲ್ಲಿ ಆಗುವ ಕೆಲಸವಲ್ಲ, ಮಿಸ್ತ್ರಿಗೆ ತೋರಿಸಿ. ಅಳತೆ ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಆಯಿಲಿಗೆ ನೀರು ಸೇರಿದೆ. ಆಗ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮಿಸ್ತ್ರಿಯನ್ನೇ ಕರೆಸಿರಿ.