ಅಂಕಸಮುದ್ರಕ್ಕೆ ಹೊರಡುವವರಿಗೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಮೇಲಂತೂ ಹರಪನಹಳ್ಳಿ, ಕೊಟ್ಟೂರು ಕಡೆಯವರು ‘ನಮ್ಮನ್ನೂ ಒಮ್ಮೆ ಕರ್ಕೊಂಡು ಹೋಗ್ರಿ’ ಎನ್ನುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಇಷ್ಟು:

1. ಪಂಚಾಂಗ ನೋಡಿ ದಿನ ಗೊತ್ತು ಮಾಡಿ. ಹಕ್ಕಿಗಳು ತುಂಬಿರುವುದು ಚಳಿಗಾಲದಲ್ಲಿ. ಮೈಲಾರದ ಕಾರಣಿಕ, ಕೊಟ್ಟೂರು ಗುರುಬಸವೇಶ್ವರನ ತೇರು ಎರಡೂ ಬೀಳುವುದು ಮಾಘದಲ್ಲೇ. ಆಗ ಬಸ್ಸುಗಳೆಲ್ಲ ಜಾತ್ರೆಯ ಪಾಲು. ಕತ್ತಲಲ್ಲಿ ರಸ್ತೆಯಂಚಿಗೆ ಪಾದಯಾತ್ರಿಗಳು ನಡೆಯುತ್ತಿರುತ್ತಾರೆ. ನಸುಕಿಗೇ ಕಾರು ಓಡಿಸಿಕೊಂಡು ಕೆರೆಗೆ ಧಾವಿಸುವ ದಿನ ಅದಲ್ಲ. ಅವತ್ತು ತೇರಿಗೇ ಹೋಗಿ, ಉತ್ತತ್ತಿ ಎಸೆದು ಬನ್ನಿ.

2. ಏರಿ ಬಿಟ್ಟು ಇಳಿಯಬೇಡಿ. ಕೆರೆ ಇರುವುದೇ 98.76 ಹೆಕ್ಟೇರ್. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆಗಳಿಗೆ ನೀರೊಳಗಿನ ಜಾಲಿ ಮರಗಳೇ ಮನೆ. ಇನ್ನೊಂದು ಹತ್ತು ಹೆಜ್ಜೆ ಮುಂದೆ ಹೋದರೆ ಫೋಟೊ ಚೆನ್ನಾಗಿ ಬರುತ್ತದೆ ಎಂಬ ಆಸೆ ಎಲ್ಲರಿಗೂ ಇದ್ದದ್ದೇ. ಆದರೆ ನಮ್ಮ ಕಡೆಯ ಬಿಸಿಲು ಗೊತ್ತಲ್ಲ? ಮಧ್ಯಾಹ್ನ ತಾಯಿ ಕೊಕ್ಕರೆ ರೆಕ್ಕೆ ಹರಡಿ ಮರಿಗಳಿಗೆ ನೆರಳು ಹಿಡಿದು ನಿಂತಿರುತ್ತದೆ. ನಮಗೆ ಹೆದರಿ ಅದು ಎದ್ದು ಹೋದರೆ ಮರಿ ಬಿಸಿಲಿಗೆ ಬಾಡುತ್ತದೆ, ಮೊಟ್ಟೆಗೆ ಕಾಗೆ ಬರುತ್ತದೆ. ಹತ್ತಿರದಿಂದ ನೋಡಬೇಕಿದ್ದರೆ ದುರ್ಬೀನು ತನ್ನಿ. ಡ್ರೋನ್ ತರುವವರನ್ನು ನಾನು ಕರೆದೊಯ್ಯುವುದೇ ಇಲ್ಲ.

3. ಸೂರ್ಯ ಬೆನ್ನಿಗಿರುವ ಜಾಗ ಹುಡುಕಿ ಕೂತುಬಿಡಿ. ಓಡಾಡಿದಷ್ಟೂ ಹಕ್ಕಿ ಕಡಿಮೆ.

4. ಮಂಡಕ್ಕಿ-ಮಿರ್ಚಿ ಪೇಟೆಯಲ್ಲೇ ಮುಗಿಸಿ. ಏರಿ ಮೇಲೆ ಪೊಟ್ಟಣ ಬಿಚ್ಚಿದರೆ ಕಾಗೆಗೆ ನೀವೇ ದಾರಿ ತೋರಿಸಿದಂತೆ.

5. ರಾಜಹಂಸ ನೋಡಲೇಬೇಕೆಂದರೆ ಕೆರೆಗಿಂತ ತುಂಗಭದ್ರೆಯ ಹಿನ್ನೀರನ್ನು ನಂಬಿ. ಜಲಾಶಯದ ಪೂರ್ಣಮಟ್ಟ 1633 ಅಡಿ. ಅಷ್ಟು ತುಂಬಿದ್ದಾಗ ಅಂಚಿನಲ್ಲಿ ಅವು ಕಾಲೂರಿ ಮೇಯುವಂಥ ತೆಳುನೀರು ಸಿಗುವುದು ಕಷ್ಟ. ನೀರು ಹಿಂದೆ ಸರಿದು ಕೆಸರು ಬಯಲಾದಾಗ ಹೋಗಿ. ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟ ರೈತರಿಗಷ್ಟೇ ಅಲ್ಲ, ನಮಗೂ ಬೇಕು. ಮೇಲೆ ಒಣಗಿದಂತೆ ಕಾಣುವ ಕೆಸರು ಒಳಗೆ ಮೊಣಕಾಲುದ್ದ ಇರುತ್ತದೆ, ಎಚ್ಚರ.

6. ಕೂಡ್ಲಿಗಿಯ ಗುಡೇಕೋಟೆ ಕರಡಿಧಾಮವನ್ನು ಅದೇ ದಿನಕ್ಕೆ ಸೇರಿಸಬೇಡಿ. ಎರಡೂ ಅರ್ಧಂಬರ್ಧ ಆಗುತ್ತವೆ.

7. ಗಾಡಿಯನ್ನು ಹೊಲದ ದಾರಿಗೆ ಅಡ್ಡ ನಿಲ್ಲಿಸಬೇಡಿ, ಹಿಂದೆ ಟ್ರ್ಯಾಕ್ಟರ್ ಬರುತ್ತಿರುತ್ತದೆ. ಊರವರು ಎದುರಾದರೆ ನಿಂತು ಮಾತಾಡಿಸಿ. ಯಾವ ಮರದಲ್ಲಿ ಹೊಸ ಗೂಡು ಎದ್ದಿದೆ ಎಂಬುದು ದಿನಾ ಅದೇ ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವವರಿಗೆ ನನಗಿಂತ ಮೊದಲು ಗೊತ್ತಿರುತ್ತದೆ.