ದೂರದ ಬೈಕ್ ಪ್ರಯಾಣ ಮತ್ತು ರಸ್ತೆ ನೆರವಿನ ಯೋಜನೆ: ಹಣ ಕಟ್ಟುವ ಮುನ್ನ ತಿಳಿಯಬೇಕಾದ ವಿಷಯಗಳು



ರಾಸುಗಳ ವಿಮೆಯ ವಿಷಯದಲ್ಲಿ ನಮ್ಮ ಸದಸ್ಯರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಕಿವಿಯೋಲೆ ಇಲ್ಲದಿದ್ದರೆ ಪರಿಹಾರವಿಲ್ಲ. ಕಂತು ಕಟ್ಟಿದ ರಸೀದಿ ಕೈಯಲ್ಲಿದ್ದರೂ, ಓಲೆ ಬಿದ್ದುಹೋದದ್ದನ್ನು ಸಕಾಲಕ್ಕೆ ತಿಳಿಸದಿದ್ದರೆ ತೊಂದರೆ ತಪ್ಪಿದ್ದಲ್ಲ. ಹಣ ಕಟ್ಟಿದರೆ ಸಾಲದು, ಷರತ್ತನ್ನೂ ತಿಳಿದಿರಬೇಕು. ಆಕಳಿಗೆ ಅನ್ವಯಿಸುವ ಈ ಮಾತು ಮನೆಯ ಮುಂದೆ ನಿಂತಿರುವ ಮೋಟಾರ್ ಸೈಕಲ್ಲಿಗೂ ಅನ್ವಯಿಸುತ್ತದೆ.

ಹಾನಗಲ್, ಶಿಗ್ಗಾಂವ, ಸವಣೂರ ಮತ್ತು ಹಿರೇಕೆರೂರ ತಾಲೂಕುಗಳ ರೈತರಿಗೆ ಬೈಕು ಹೊಲಕ್ಕೂ ಬೇಕು, ಡೇರಿಗೂ ಬೇಕು, ಸಂತೆಗೂ ಬೇಕು. ಅದೇ ಬೈಕಿನ ಮೇಲೆ ಶಿರಸಿ ಮಾರಿಕಾಂಬೆಯ ಜಾತ್ರೆಗೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಮಳೆಗಾಲದಲ್ಲಿ ಜೋಗಕ್ಕೆ ಹೋಗಿಬರುವವರೂ ಬಹಳ ಜನ. ದೂರದಲ್ಲಿ ಗಾಡಿ ಕೆಟ್ಟರೆ ಬೇರೆಯವರಿಗೆ ಒಂದು ರಾತ್ರಿಯ ತೊಂದರೆ. ಹೈನುಗಾರನಿಗೆ ಹಾಗಲ್ಲ. ಸಂಜೆ ಹಾಲು ಕರೆಯುವ ಹೊತ್ತು ಯಾರಿಗೂ ಕಾಯುವುದಿಲ್ಲ. ಹೊತ್ತಿಗೆ ಕರೆಯದೆ ಬಿಟ್ಟರೆ ಹಾಲೂ ಹೋಗುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಆದ್ದರಿಂದ ಶೋರೂಮುಗಳಲ್ಲಿಯೂ ಫೋನಿನಲ್ಲಿಯೂ ಮಾರುವ "ರೋಡ್‌ಸೈಡ್ ಅಸಿಸ್ಟೆನ್ಸ್", ಅಂದರೆ ರಸ್ತೆ ನೆರವಿನ ಯೋಜನೆಯನ್ನು ಹೇಗೆ ಆರಿಸಬೇಕೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ವಿಮೆ ಬೇರೆ, ರಸ್ತೆ ನೆರವು ಬೇರೆ

ಇವೆರಡೂ ಒಂದೇ ಎಂದು ತಿಳಿದು ಮೋಸಹೋಗಬಾರದು. ಬೈಕಿಗೆ ಸಂಬಂಧಿಸಿದಂತೆ ನಾಲ್ಕು ಬಗೆಯ ರಕ್ಷಣೆಗಳಿವೆ.

ಅ) ಥರ್ಡ್ ಪಾರ್ಟಿ ವಿಮೆ: ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನಂತೆ ಇದು ಕಡ್ಡಾಯ. 2019ರ ತಿದ್ದುಪಡಿಯ ನಂತರ, ಇದಿಲ್ಲದೆ ಗಾಡಿ ಓಡಿಸಿದರೆ ಮೊದಲ ಸಲಕ್ಕೆ ರೂ. 2,000 ದಂಡ, ಅಥವಾ 3 ತಿಂಗಳವರೆಗೆ ಸಜೆ, ಅಥವಾ ಎರಡೂ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿನ ಜೊತೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಬರುತ್ತದೆ.

ಆ) ಸ್ವಂತ ಹಾನಿಯ ವಿಮೆ: ಅಪಘಾತ, ಕಳವು, ಬೆಂಕಿ, ನೆರೆ ಮುಂತಾದವುಗಳಿಂದ ನಮ್ಮ ಗಾಡಿಗೆ ಆಗುವ ನಷ್ಟಕ್ಕೆ. ಹೊಸ ಬೈಕಿಗೆ ಇದು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಇರುತ್ತದೆ. ಐದು ವರ್ಷದ ಕಾಗದ ಇದೆಯೆಂದು ನೆಚ್ಚಿಕೊಂಡು ಎರಡನೆಯ ವರ್ಷ ಇದನ್ನು ನವೀಕರಿಸದೆ ಬಿಡುವವರು ಅನೇಕರು.

ಇ) ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ: ಮೊತ್ತ ರೂ. 15 ಲಕ್ಷ. ಗಾಡಿ ಯಾರ ಹೆಸರಿನಲ್ಲಿದೆಯೋ ಅವರೇ, ಚಾಲ್ತಿಯಲ್ಲಿರುವ ಲೈಸೆನ್ಸಿನೊಂದಿಗೆ ಓಡಿಸುತ್ತಿದ್ದಾಗ ಇದು ಅನ್ವಯಿಸುತ್ತದೆ. ಬೈಕು ತಂದೆಯ ಹೆಸರಿನಲ್ಲಿದ್ದು ಮಗ ಓಡಿಸಿದರೆ ಮಗನಿಗೆ ಈ ರಕ್ಷಣೆ ಸಿಗುವುದಿಲ್ಲ. ಅಂಥ ಮನೆಗಳಲ್ಲಿ ಮಗನ ಹೆಸರಿಗೆ ಬೇರೆ ಅಪಘಾತ ವಿಮೆ ಮಾಡಿಸುವುದು ಕ್ಷೇಮ.

ಈ) ರಸ್ತೆ ನೆರವು: ಇದು ನಷ್ಟ ತುಂಬಿಕೊಡುವ ಯೋಜನೆಯಲ್ಲ, ಸೇವೆ ಮಾತ್ರ. ಪಂಕ್ಚರ್, ಬ್ಯಾಟರಿ ಇಳಿಯುವುದು, ಕೀಲಿಕೈ ಕಳೆಯುವುದು, ಪೆಟ್ರೋಲ್ ಮುಗಿಯುವುದು, ಸ್ಥಳದಲ್ಲಿಯೇ ಆಗಬಹುದಾದ ಸಣ್ಣ ದುರಸ್ತಿ, ಅದೂ ಆಗದಿದ್ದರೆ ಗಾಡಿಯನ್ನು ಗ್ಯಾರೇಜಿಗೆ ಸಾಗಿಸುವುದು, ಇಷ್ಟು ಇದರಲ್ಲಿ ಬರುತ್ತವೆ. ಬಿಡಿಭಾಗದ ಬೆಲೆಯನ್ನೂ ಪೆಟ್ರೋಲಿನ ಬೆಲೆಯನ್ನೂ ಸಾಮಾನ್ಯವಾಗಿ ನಾವೇ ಕೊಡಬೇಕು.

"ನನ್ನದು ಫುಲ್ ಇನ್ಶೂರೆನ್ಸ್, ಗಾಡಿ ಎಲ್ಲಿ ಕೆಟ್ಟರೂ ಅವರೇ ಒಯ್ಯುತ್ತಾರೆ" ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಇದು ಸರಿಯಲ್ಲ. 2002ರ ಮೋಟಾರು ಸುಂಕ ಪಟ್ಟಿಯ ಪ್ರಮಾಣಿತ ಪಾಲಿಸಿಯಲ್ಲಿ ದ್ವಿಚಕ್ರ ವಾಹನವನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸುವ ವೆಚ್ಚಕ್ಕೆ ಇಟ್ಟ ಮಿತಿ ಒಂದು ಅಪಘಾತಕ್ಕೆ ರೂ. 300 ಮಾತ್ರ. ಅದೂ ಅಪಘಾತವಾದರೆ. ಎಂಜಿನ್ ಕೆಟ್ಟು ನಿಂತರೆ ಏನೂ ಇಲ್ಲ. ತಮ್ಮ ಪಾಲಿಸಿಯಲ್ಲಿ ಈ ಮೊತ್ತ ಎಷ್ಟಿದೆ ಎಂದು ಓದಿ ನೋಡಿರಿ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ರಸ್ತೆ ನೆರವು ಇರುವುದು.

2. ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ರಸ್ತೆ ನೆರವು ಮೂರು ಕಡೆ ಸಿಗುತ್ತದೆ: ಸ್ವಂತ ಹಾನಿಯ ಪಾಲಿಸಿಯ ಜೊತೆ ಹೆಚ್ಚುವರಿ ಕಂತು ಕಟ್ಟಿ, ಬೈಕ್ ತಯಾರಿಸುವ ಕಂಪನಿಯಿಂದ, ಇಲ್ಲವೆ ಈ ಕೆಲಸವನ್ನೇ ಮಾಡುವ ಬೇರೆ ಸಂಸ್ಥೆಗಳಿಂದ. ಎಲ್ಲಿ ಕೊಂಡರೂ ಈ ಪ್ರಶ್ನೆಗಳನ್ನು ಕೇಳಿರಿ.

* ನಾನು ಹೋಗುವ ಊರಿನ ಹತ್ತಿರ ನಿಮ್ಮ ಮೆಕ್ಯಾನಿಕ್ ಎಲ್ಲಿದ್ದಾನೆ? ಹುಬ್ಬಳ್ಳಿಯಲ್ಲಿ ಸೇವೆ ಇದ್ದರೆ ಶಿರಸಿ, ಸಿದ್ದಾಪುರದ ಕಾಡಿನ ರಸ್ತೆಯಲ್ಲಿಯೂ ಇದೆ ಎಂದು ಭಾವಿಸಬೇಡಿರಿ.
* ಉಚಿತವಾಗಿ ಎಷ್ಟು ಕಿಲೋಮೀಟರ್ ಸಾಗಿಸುತ್ತೀರಿ? ಅದರಾಚೆ ಕಿಲೋಮೀಟರಿಗೆ ಎಷ್ಟು? ಬರುವ ದಾರಿಯೂ ಲೆಕ್ಕಕ್ಕೆ ಸೇರುತ್ತದೆಯೇ?
* ಎಲ್ಲಿಗೆ ಸಾಗಿಸುತ್ತೀರಿ? ಹತ್ತಿರದ ಗ್ಯಾರೇಜಿಗೋ, ನಾನು ಹೇಳಿದ ಕಡೆಗೋ?
* ವರ್ಷಕ್ಕೆ ಎಷ್ಟು ಸಲ ಕರೆಯಬಹುದು? ಕೊಂಡ ಎಷ್ಟು ದಿನದ ಮೇಲೆ ಸೇವೆ ಆರಂಭವಾಗುತ್ತದೆ? ಕೆಲವು ಯೋಜನೆಗಳಲ್ಲಿ ಮೊದಲ ಕೆಲವು ದಿನ ಸೇವೆ ಇರುವುದಿಲ್ಲ. ಜಾತ್ರೆಯ ಹಿಂದಿನ ದಿನ ಕೊಂಡರೆ ಉಪಯೋಗವಾಗದೆ ಹೋಗಬಹುದು.
* ನನ್ನ ಬೈಕಿನ ವಯಸ್ಸಿಗೆ ಅನ್ವಯಿಸುತ್ತದೆಯೇ?
* ರಾತ್ರಿ ಹೊತ್ತಿನಲ್ಲಿ ಕನ್ನಡದಲ್ಲಿ ಉತ್ತರಿಸುವವರು ಇದ್ದಾರೆಯೇ? ಹಣ ಕಟ್ಟುವ ಮೊದಲೇ ಒಂದು ರಾತ್ರಿ ಆ ನಂಬರಿಗೆ ಫೋನ್ ಮಾಡಿ ನೋಡಿರಿ.

ಉತ್ತರಗಳನ್ನು ಬಾಯಿಮಾತಿನಲ್ಲಿ ಪಡೆದರೆ ಸಾಲದು. ಷರತ್ತಿನ ಕಾಗದದಲ್ಲಿ ಯಾವ ಸಾಲಿನಲ್ಲಿದೆ ಎಂದು ತೋರಿಸಲು ಹೇಳಿರಿ.

3. ಹಾಲಿನ ಕ್ಯಾನು ಕಟ್ಟುವವರು ವಿಶೇಷವಾಗಿ ಗಮನಿಸಿರಿ

ಖಾಸಗಿ ದ್ವಿಚಕ್ರ ವಾಹನದ ಪ್ರಮಾಣಿತ ಪಾಲಿಸಿಯಲ್ಲಿ "ಬಳಕೆಯ ಮಿತಿ" ಎಂಬ ಭಾಗವಿರುತ್ತದೆ. ಬಾಡಿಗೆಗೆ ಓಡಿಸುವುದು, ಸ್ವಂತ ಸಾಮಾನು ಬಿಟ್ಟು ಸರಕು ಸಾಗಿಸುವುದು, ಪಂದ್ಯದಲ್ಲಿ ಓಡಿಸುವುದು, ಇವು ಆ ಪಾಲಿಸಿಗೆ ಹೊರತು. ನಮ್ಮ ಮನೆಯ ಹಾಲನ್ನು ಸಂಘಕ್ಕೆ ಒಯ್ಯುವುದು ಒಂದು ರೀತಿ. ಹತ್ತು ಮನೆಯ ಹಾಲನ್ನು ಕೂಡಿಸಿ ಹಣಕ್ಕಾಗಿ ಸಾಗಿಸುವುದು ಇನ್ನೊಂದು ರೀತಿ. ಎರಡನೆಯ ಕೆಲಸ ಮಾಡುವವರು ಅದನ್ನು ಮುಚ್ಚಿಟ್ಟು ಪಾಲಿಸಿ ಕೊಂಡರೆ ಕಷ್ಟಕಾಲದಲ್ಲಿ ಪರಿಹಾರ ಸಿಗದೆ ಹೋಗಬಹುದು. ಗಾಡಿಯ ನಿಜವಾದ ಬಳಕೆಯನ್ನು ಅರ್ಜಿಯಲ್ಲಿಯೇ ತಿಳಿಸಿ, ವಿಮಾ ಕಚೇರಿಯಿಂದ ಲಿಖಿತ ಉತ್ತರ ಪಡೆದು ಪಾಲಿಸಿಯ ಜೊತೆಗೆ ಇಟ್ಟುಕೊಳ್ಳಿರಿ. ರಸ್ತೆ ನೆರವಿನ ಯೋಜನೆಗೂ ಇದೇ ಎಚ್ಚರ ಬೇಕು.

4. ಲೆಕ್ಕ ಹಾಕುವ ಬಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮನೆಯಿಂದ 70 ಕಿ.ಮೀ. ದೂರದಲ್ಲಿ ಗಾಡಿ ಕೆಟ್ಟಿತು. ಯೋಜನೆಯಲ್ಲಿ 25 ಕಿ.ಮೀ. ಉಚಿತ, ಆಮೇಲೆ ಕಿ.ಮೀ.ಗೆ ರೂ. 20 ಎಂದಿಟ್ಟುಕೊಳ್ಳೋಣ. ಮನೆಯವರೆಗೆ ತರಲು ಉಳಿದ 45 ಕಿ.ಮೀ.ಗೆ ರೂ. 900 ಆಗುತ್ತದೆ. ಕೆಟ್ಟ ಸ್ಥಳದಿಂದ 15 ಕಿ.ಮೀ. ಒಳಗೆ ಒಳ್ಳೆಯ ಗ್ಯಾರೇಜು ಇದ್ದರೆ ಗಾಡಿಯನ್ನು ಉಚಿತವಾಗಿ ಅಲ್ಲಿಗೆ ಸಾಗಿಸಿ, ತಾವು ಬಸ್ಸು ಹತ್ತಿ ಸಂಜೆಯ ಹಾಲಿನ ಹೊತ್ತಿಗೆ ಮನೆ ಸೇರುವುದೇ ಲಾಭ. ಹೈನುಗಾರನು ನೋಡಬೇಕಾದದ್ದು ಗಾಡಿ ಯಾವಾಗ ಮನೆಗೆ ಬರುತ್ತದೆ ಎಂಬುದನ್ನಲ್ಲ, ತಾನು ಯಾವಾಗ ಕೊಟ್ಟಿಗೆ ಸೇರುತ್ತಾನೆ ಎಂಬುದನ್ನು.

ವರ್ಷವಿಡೀ ಊರಿನ ಸುತ್ತ ಹತ್ತು ಕಿ.ಮೀ. ಒಳಗೆ ಓಡಾಡುವವರಿಗೆ ಈ ಯೋಜನೆಯ ಅಗತ್ಯ ಕಡಿಮೆ. ಪರಿಚಯದ ಮೆಕ್ಯಾನಿಕ್ಕಿನ ಮತ್ತು ಗೂಡ್ಸ್ ಆಟೋದವರ ಫೋನ್ ನಂಬರ್ ಇದ್ದರೆ ಸಾಕು. ಆ ಹಣವನ್ನು ಅಪಘಾತ ವಿಮೆಗೆ ಹಾಕಿರಿ. ವರ್ಷಕ್ಕೆ ನಾಲ್ಕಾರು ಸಲ ದೂರ ಹೋಗುವವರು, ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಹೋಗುವವರು, ರಾತ್ರಿ ಪ್ರಯಾಣ ಅನಿವಾರ್ಯವಾದವರು ಇದನ್ನು ಕೊಳ್ಳುವುದು ಯೋಗ್ಯ. ಹಿಂದೆ ಕೂರುವವರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ರಕ್ಷಣೆ ಸಿಗುವುದೆಂಬ ಖಾತ್ರಿ ಇಲ್ಲ. ಸ್ವಂತ ಹಾನಿಯೂ ಸೇರಿದ ಪ್ಯಾಕೇಜ್ ಪಾಲಿಸಿ ಇರುವುದು ಒಳಿತು.

5. ಕೊಳ್ಳದೆಯೂ ಸಿಗುವ ನೆರವು

ಶಿಗ್ಗಾಂವಿಯ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತೊಂದರೆಯಾದರೆ 1033ಕ್ಕೆ ಕರೆ ಮಾಡಬಹುದು. ಇದು ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ. ಒಳರಸ್ತೆಗಳಿಗೆ ಅನ್ವಯಿಸುವುದಿಲ್ಲ. ಎಲ್ಲ ಕಡೆಯೂ ತುರ್ತು ಸಂದರ್ಭಕ್ಕೆ 112, ಆಂಬ್ಯುಲೆನ್ಸಿಗೆ 108. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ 5ರಂದು ಜಾರಿಗೆ ಬಂದಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಾಯಿದೆಯ 134ಎ ಕಲಮಿನಲ್ಲಿ ರಕ್ಷಣೆ ಇದೆ. ಕೇಸಿನ ಭಯದಿಂದ ಯಾರೂ ಹಿಂದೆ ಸರಿಯಬಾರದು.

ಘಟ್ಟದಲ್ಲಿಯೂ ಕಾಡಿನಲ್ಲಿಯೂ ಫೋನಿಗೆ ಸಿಗ್ನಲ್ ಸಿಗದಿರಬಹುದು. ಪಾಲಿಸಿ, ಆರ್.ಸಿ., ಲೈಸೆನ್ಸುಗಳ ಕಾಗದದ ಪ್ರತಿಯನ್ನೂ ಸಹಾಯವಾಣಿ ನಂಬರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಟಿನ ಕೆಳಗಿಡಿರಿ. ಟ್ಯೂಬ್, ಕ್ಲಚ್ ಕೇಬಲ್ ಮತ್ತು ಸ್ಪಾರ್ಕ್ ಪ್ಲಗ್ ಒಂದೊಂದು ಜೊತೆಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಮುನ್ನ ಎರಡು ಹೊತ್ತು ಹಾಲು ಕರೆಯುವವರನ್ನು ಗೊತ್ತುಮಾಡಿ ಹೋಗಿರಿ. ಈ ನೆರವನ್ನು ಯಾವ ಕಂಪನಿಯೂ ಮಾರುವುದಿಲ್ಲ.

6. ನ್ಯಾಯ ಸಿಗದಿದ್ದರೆ

ವಿಮಾ ಕಂಪನಿಗೆ ಮೊದಲು ಬರವಣಿಗೆಯಲ್ಲಿ ದೂರು ಕೊಡಿರಿ. ಸರಿಯಾದ ಉತ್ತರ ಬಾರದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ 155255 ನಂಬರಿಗೆ ಕರೆ ಮಾಡಬಹುದು. ಬೆಂಗಳೂರಿನ ವಿಮಾ ಲೋಕಪಾಲರಿಗೂ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮೆಯಲ್ಲದ ಬೇರೆ ಸಂಸ್ಥೆಯಿಂದ ರಸ್ತೆ ನೆರವು ಕೊಂಡಿದ್ದರೆ ದೂರನ್ನು ಗ್ರಾಹಕರ ಆಯೋಗಕ್ಕೆ ಒಯ್ಯಬೇಕಾಗುತ್ತದೆ.

ಮನನಕ್ಕೆ

1) ನನ್ನ ಬೈಕಿನ ಸ್ವಂತ ಹಾನಿಯ ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ?
2) ಆರ್.ಸಿ.ಯಲ್ಲಿ ಹೆಸರು ಯಾರದು, ದಿನವೂ ಓಡಿಸುವವರು ಯಾರು?
3) ಕಳೆದ ವರ್ಷ 50 ಕಿ.ಮೀ.ಗಿಂತ ದೂರ ಎಷ್ಟು ಸಲ ಹೋದೆ?
4) ನಾನು ಊರಿನಲ್ಲಿ ಇಲ್ಲದಾಗ ಹಾಲು ಕರೆಯುವವರು ಯಾರು?

ಈ ನಾಲ್ಕು ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದರೆ ಯಾವ ಯೋಜನೆ ಬೇಕು, ಯಾವುದು ಬೇಡ ಎಂಬುದು ತಾನಾಗಿಯೇ ತಿಳಿಯುತ್ತದೆ. ಸಂಘದ ಕಾರ್ಯದರ್ಶಿಗಳು ಈ ಪಾಠವನ್ನು ಮುಂದಿನ ಸದಸ್ಯರ ಸಭೆಯಲ್ಲಿ ಓದಿ ಹೇಳಬೇಕೆಂದು ಕೋರಿಕೆ.